‘ಬಂದೆ ಸಾರ್’ ಅಂದ ಮಾಣಿಯೂ ನನ್ನ ಸಿ1 ಪರೀಕ್ಷೆಯೂ

ಸಿ1 ಅನ್ನುವ ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆಗೆಂದು ಠಾಣೆಯ ಒಂದು ಕ್ಲಾಸಿಗೆ 18 ಸಾವಿರ ಕಟ್ಟಿ ಸೇರಿದ್ದೆ. ಮೊದಲ ದಿನವೇ ಸ್ಪೈರಲ್ ಬೈಂಡಿಂಗಿನ ದಪ್ಪ ಪುಸ್ತಕವೊಂದನ್ನು ಕೈಗಿಟ್ಟರು. ಒಳಗೆ 3000 ಪದ. ದಿನಕ್ಕೆ 50 ಬಾಯಿಪಾಠ ಮಾಡಬೇಕಂತೆ. ಲೊಕ್ವೇಶಸ್, ಅಬ್‌ಸ್ಟ್ರೂಸ್, ಪುಲ್ಕ್ರಿಟ್ಯೂಡ್... ಎರಡು ತಿಂಗಳು ಮಗ್ಗಿ ಉರು ಹೊಡೆದ ಹಾಗೆ ಹೊಡೆದೆ. ಆಮೇಲೆ ಒಂದು ಭಾನುವಾರ ಮನೆಯಲ್ಲಿ ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಮಾದರಿ ಪೇಪರ್ ಬರೆದೆ. ‘ಯೂಸ್ ಆಫ್ ಇಂಗ್ಲಿಷ್’ ಭಾಗದಲ್ಲಿ 36ಕ್ಕೆ 15 ಬಂತು. ಆ 3000ದಲ್ಲಿ ಒಂದು ಪದವೂ ಪೇಪರಿನಲ್ಲಿ ಇರಲಿಲ್ಲ. ನಾನು ಕಳೆದುಕೊಂಡದ್ದೆಲ್ಲ ಆನ್, ಅಪ್, ಆ್ಯಸ್, ದಿ ಇಂಥ ಚಿಲ್ಲರೆಯಲ್ಲಿ. ಮರುದಿನದಿಂದ ಕ್ಲಾಸಿಗೆ ಹೋಗಲಿಲ್ಲ. ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ. ಇರಲಿ.

ನನ್ನ ಬಗ್ಗೆ ಎರಡು ಮಾತು. ಮನೆ ಡೊಂಬಿವಲಿ, ಕೆಲಸ ಬಲ್ಲಾರ್ಡ್ ಎಸ್ಟೇಟಿನ ಶಿಪ್ಪಿಂಗ್ ಆಫೀಸಿನಲ್ಲಿ. 11 ವರ್ಷದಿಂದ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೇರಿಸಿದ ಸರಕಿನ ರಸೀದಿ, ಟೈಪ್ ಮಾಡುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಮುಂಬೈಯಲ್ಲೇ ಕನ್ನಡ ಮಾಧ್ಯಮ. ಅಪ್ಪ ಹೊಟೇಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ರಾಟರ್‌ಡ್ಯಾಮಿನಲ್ಲಿ ಬಂದರು ವ್ಯವಹಾರದ ಬಗ್ಗೆ ಒಂದು ಮಾಸ್ಟರ್ಸ್ ಮಾಡಬೇಕು ಅನ್ನುವುದು ನನ್ನ ಹಳೆಯ ಆಸೆ. ಅದಕ್ಕೆ ಇಂಗ್ಲಿಷ್ ಸರ್ಟಿಫಿಕೇಟ್ ಬೇಕು. ಐಇಎಲ್‌ಟಿಎಸ್ ಅನ್ನುವ ಪರೀಕ್ಷೆಯ ಅಂಕಗಳನ್ನು ಸಾಮಾನ್ಯವಾಗಿ 2 ವರ್ಷದವರೆಗೆ ಮಾತ್ರ ಒಪ್ಪುತ್ತಾರೆ. ನನಗೆ ರಜೆ, ದುಡ್ಡು, ಸೀಟು ಮೂರೂ ಒಟ್ಟಿಗೆ ಯಾವಾಗ ಕೂಡಿಬರುತ್ತವೋ ಹೇಳುವ ಹಾಗಿಲ್ಲ. ಕೇಂಬ್ರಿಜ್‌ನ ಸಿ1 ಅಡ್ವಾನ್ಸ್ಡ್ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದು ಅಂತಿಲ್ಲ. 1991ರಲ್ಲಿ ಶುರುವಾದ ಪರೀಕ್ಷೆ ಇದು, ಸಿಎಇ ಅಂದರೆ ಹಳಬರಿಗೆ ಗೊತ್ತು. ಅದನ್ನೇ ಹಿಡಿದೆ.

ರೀಡಿಂಗ್ ಮತ್ತು ಯೂಸ್ ಆಫ್ ಇಂಗ್ಲಿಷ್ ಸೇರಿ ಒಂದೇ ಪೇಪರ್. ಒಂದೂವರೆ ಗಂಟೆ, 8 ಭಾಗ, 56 ಪ್ರಶ್ನೆ. ಪದ, ವ್ಯಾಕರಣ ಇರುವುದು ಮೊದಲ ನಾಲ್ಕು ಭಾಗದಲ್ಲಿ. ಮೊದಲನೆಯದರಲ್ಲಿ ನಾಲ್ಕು ಪದದಲ್ಲಿ ಒಂದನ್ನು ಆರಿಸಬೇಕು. ಎರಡನೆಯದರಲ್ಲಿ ಆಯ್ಕೆಯೇ ಇಲ್ಲ, ಖಾಲಿ ಜಾಗಕ್ಕೆ ಒಂದೇ ಪದವನ್ನು ನಾವೇ ತುಂಬಬೇಕು. ಮೂರರಲ್ಲಿ ಕೊಟ್ಟ ಪದದ ರೂಪ ಬದಲಿಸಬೇಕು. ನಾಲ್ಕನೆಯದು ನನ್ನ ಬೆವರಿಳಿಸಿದ್ದು. ಒಂದು ವಾಕ್ಯ ಕೊಡುತ್ತಾರೆ, ಪಕ್ಕದಲ್ಲಿ ಒಂದು ಪದ. ಆ ಪದವನ್ನು ಒಂಚೂರೂ ಬದಲಿಸದೆ ಬಳಸಿ, 3ರಿಂದ 6 ಪದದೊಳಗೆ ಅದೇ ಅರ್ಥ ಬರುವ ಹಾಗೆ ಎರಡನೇ ವಾಕ್ಯವನ್ನು ತುಂಬಬೇಕು. ಅಲ್ಲಿರುವುದು 6 ಪ್ರಶ್ನೆ, ಒಂದೊಂದಕ್ಕೆ 2 ಅಂಕ. ಅರ್ಧ ಸರಿಯಿದ್ದರೆ ಒಂದು ಅಂಕ ಸಿಗುತ್ತದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವ ಪ್ರಶ್ನೆಯೇ ಇಲ್ಲ. ಸ್ಪೆಲ್ಲಿಂಗ್ ಮಾತ್ರ ಸರಿಯಿರಬೇಕು.

ಓದಿದ್ದೆಲ್ಲ ಟ್ರೈನಿನಲ್ಲಿ. ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಲೇಡೀಸ್ ಡಬ್ಬಾದಲ್ಲಿ ಕೊನೇಪಕ್ಷ ಫೋರ್ತ್ ಸೀಟಾದರೂ, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರುವಷ್ಟು ಜಾಗ, ಸಿಗುತ್ತದೆ. ಠಾಣೆಯಲ್ಲಿ ಜನ ನುಗ್ಗುವ ಮೊದಲು ಎರಡನೇ ಭಾಗ ಮುಗಿಯಬೇಕು. ಮುಲುಂಡಿನಿಂದ ಘಾಟ್‌ಕೋಪರ್‌ವರೆಗೆ ನಾಲ್ಕನೇ ಭಾಗ. ಸಿಎಸ್‌ಎಂಟಿ (ಕೊನೆಯ ಸ್ಟೇಷನ್) ಬರುವ ಹೊತ್ತಿಗೆ ಉತ್ತರ ನೋಡಿ ಆಗಿರಬೇಕು. ನನ್ನ ಎದುರು ದಿನಾ ಕೂರುವ ಮರಾಠಿ ಕಾಕೂ ಬಟಾಣಿ ಸುಲಿಯುತ್ತ ‘ಕಿತೀ ಆಲೇ?’ ಅಂತ ಕೇಳುವರು. ಎಷ್ಟು ಬಂತು ಅಂತ. ಕಡಿಮೆ ಬಂದ ದಿನ ಒಂದು ಹಿಡಿ ಹಸಿ ಬಟಾಣಿ ಕೈಗೆ ಹಾಕುವರು. ಮೊದಲ ತಿಂಗಳು ಬಟಾಣಿ ಸಾಕಷ್ಟು ತಿಂದೆ.

ದಾರಿ ತೋರಿಸಿದ್ದು ಅಪ್ಪ, ಅದೂ ಗೊತ್ತಿಲ್ಲದೆ. ಒಂದು ರಾತ್ರಿ ಒಂದೇ ಪ್ರಶ್ನೆಯ ಮುಂದೆ ತಲೆ ಕೆರೆದುಕೊಂಡು ಕೂತಿದ್ದೆ. ‘ಆ್ಯಸ್ ಸೂನ್ ಆ್ಯಸ್ ವಿ ಸ್ಯಾಟ್ ಡೌನ್, ದಿ ಲೈಟ್ಸ್ ವೆಂಟ್ ಔಟ್’ ಅನ್ನುವುದು ವಾಕ್ಯ. ಕೊಟ್ಟ ಪದ ‘ಸೂನರ್’. ಉತ್ತರ ‘ನೋ’ ಅಂತ ಶುರುವಾಗಬೇಕು.

ಅಪ್ಪ ಟಿವಿ ಸದ್ದು ತಗ್ಗಿಸಿ ಕೇಳಿದರು, “ಅದಕ್ಕೆ ನಮ್ಮಲ್ಲಿ ಏನು ಹೇಳ್ತೇವೆ ಮಗಾ?”

“ನಾವು ಕೂತ ಕೂಡಲೇ ಲೈಟು ಹೋಯ್ತು.”

“ಅಷ್ಟೇ? ‘ಕೂತದ್ದೇ ತಡ, ಲೈಟು ಹೋಯ್ತು’ ಅಂತ ಹೇಳ್ಲಿಕ್ಕಿಲ್ವಾ?”

ಸರಿಯಾಗಿ ಅದೇ! ‘ಕೂಡಲೇ’ ಅನ್ನುವುದು ‘ಆ್ಯಸ್ ಸೂನ್ ಆ್ಯಸ್’ ಆದರೆ ‘ಕೂತದ್ದೇ ತಡ’ ಅನ್ನುವುದು ‘ನೋ ಸೂನರ್ ಹ್ಯಾಡ್ ವಿ ಸ್ಯಾಟ್ ಡೌನ್ ದ್ಯಾನ್’. ಅರ್ಥ ಒಂದೇ, ಒತ್ತು ಬೇರೆ. ನಾನು ಪ್ರತಿ ಸಲ ‘ದ್ಯಾನ್’ ಜಾಗದಲ್ಲಿ ‘ವೆನ್’ ಬರೆಯುತ್ತಿದ್ದೆ. ‘ವೆನ್’ ಬರುವುದು ‘ಹಾರ್ಡ್ಲಿ’ ಜೊತೆ. ‘ತಡ’ ಅಂದರೆ ‘ದ್ಯಾನ್’ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಆ ತಪ್ಪು ಆಗಲಿಲ್ಲ.

ಅವತ್ತಿನಿಂದ ರೂಲ್ ಓದುವ ಮೊದಲು ಅದರ ಕನ್ನಡ ಜೋಡಿ ಹುಡುಕುವುದು ಅಭ್ಯಾಸವಾಯಿತು. ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಇದಕ್ಕೆ ತದ್ವಿರುದ್ಧ. ಕನ್ನಡದಲ್ಲಿ ಯೋಚಿಸಲೇಬೇಡಿ ಅಂತ ಬೋರ್ಡಿನ ಮೇಲೆ ಬರೆದಿಟ್ಟಿದ್ದರು. ನನ್ನ ಮಟ್ಟಿಗೆ ಅದು ಸುಳ್ಳಾಯಿತು. ಪದಕ್ಕೆ ಪದ ಇಟ್ಟರೆ ಕೆಡುತ್ತದೆ, ನಿಜ. ಆದರೆ ಇಡೀ ಮಾತಿಗೆ ಇಡೀ ಮಾತು ಹುಡುಕಿದರೆ ಎಷ್ಟೋ ಕಡೆ ದಾರಿ ಬಿಟ್ಟುಕೊಳ್ಳುತ್ತದೆ.

‘ಇಟ್ಸ್ ಟೈಮ್ ಯೂ ವೆಂಟ್ ಹೋಮ್’ ಅನ್ನುವುದನ್ನೇ ನೋಡಿ. ಇನ್ನೂ ಹೋಗಿಲ್ಲ, ಹೋಗಬೇಕಾದವನಿಗೆ ಹೇಳುತ್ತಿರುವುದು. ಮತ್ತೆ ‘ವೆಂಟ್’ ಯಾಕೆ? ಗ್ರಾಮರ್ ಪುಸ್ತಕದಲ್ಲಿ ಅರ್ಧ ಪುಟ ವಿವರಣೆ ಇತ್ತು, ತಲೆಗೆ ಹೋಗಲಿಲ್ಲ. ಒಂದು ದಿನ ಮಾಟುಂಗಾದ ಹೊಟೇಲಿನಲ್ಲಿ ಕೂತಿದ್ದೆ. ಪಕ್ಕದ ಟೇಬಲಿನವರು ಕಾಫಿಗೆ ಕರೆದರು. ಮಾಣಿ ದೂರದಿಂದಲೇ “ಬಂದೆ ಸಾರ್, ಬಂದೆ” ಅಂದ. ಎಲ್ಲಿ ಬಂದ? ಆ ಕಡೆಯ ಟೇಬಲ್ ಒರೆಸುತ್ತಿದ್ದ! ನಾವು ದಿನಾ ಹೀಗೇ ಮಾತಾಡುತ್ತೇವೆ ಅಲ್ವಾ? ಆಗಿಲ್ಲದ್ದನ್ನು ಆಗಿದೆ ಅನ್ನುವ ಹಾಗೆ ಹೇಳುತ್ತೇವೆ. ‘ಹೊರಡೋ ಹೊತ್ತಾಯ್ತು’ ಅಂದಾಗಲೂ ನಾಲಿಗೆಯ ಮೇಲಿರುವುದು ‘ಆಯ್ತು’. ಇಂಗ್ಲಿಷಿನ ಕಾರಣ ಬೇರೆಯೇ ಇದ್ದೀತು. ನನಗೆ ಮಾತ್ರ ‘ವೆಂಟ್’ ಮೇಲಿನ ಸಿಟ್ಟು ಅವತ್ತೇ ಇಳಿಯಿತು.

‘ಹ್ಯಾಡ್ ಐ ನೋನ್’ ಕೂಡ ಹಾಗೇ. ‘ಇಫ್’ ಎಲ್ಲಿ ಹೋಯಿತು ಅಂತ ಗಾಬರಿಯಾಗುತ್ತಿತ್ತು. ಕನ್ನಡದ ‘ಗೊತ್ತಿದ್ದರೆ’ಯಲ್ಲಿ ‘ಇಫ್’ ಅನ್ನುವ ಬೇರೆ ಪದ ಎಲ್ಲಿದೆ? ಕ್ರಿಯಾಪದದೊಳಗೇ ಕೂತಿದೆ. ‘ಓದಿದ್ದರೆ ಪಾಸಾಗುತ್ತಿದ್ದೆ’ ಅನ್ನಲು ಬರುವವರಿಗೆ ಥರ್ಡ್ ಕಂಡೀಷನಲ್ ಹೊಸದೇನಲ್ಲ. ಹೆಸರು ಕೇಳಿ ಹೆದರುತ್ತೇವೆ, ಅಷ್ಟೇ.

ಸೇತುವೆ ಮುರಿಯುವ ಜಾಗಗಳೂ ಇವೆ. ‘ಕೊಡೆ ತರಬೇಕಾಗಿರಲಿಲ್ಲ.’ ಈ ಮಾತಿನಲ್ಲಿ ಕೊಡೆ ತಂದಿದ್ದಾಳಾ ಇಲ್ವಾ? ಕನ್ನಡದಲ್ಲಿ ಎರಡೂ ಆಗಬಹುದು, ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ‘ನೀಡಂಟ್ ಹ್ಯಾವ್ ಬ್ರಾಟ್’ ಅಂದರೆ ತಂದಿದ್ದಾಳೆ, ಹೊತ್ತದ್ದು ದಂಡ. ‘ಡಿಡಂಟ್ ನೀಡ್ ಟು ಬ್ರಿಂಗ್’ ಅಂದರೆ ಅಗತ್ಯ ಇರಲಿಲ್ಲ ಅಂತಷ್ಟೇ, ತಂದಳೋ ಇಲ್ಲವೋ ಅದು ಹೇಳುವುದಿಲ್ಲ. ಇಂಥವಕ್ಕೆ ನೋಟ್‌ಬುಕ್ಕಿನಲ್ಲಿ ಕೆಂಪು ಗುರುತು ಹಾಕಿದೆ. ‘ಮಾಡು’ ಇನ್ನೊಂದು ಗುಂಡಿ. ಅಡುಗೆ ಮಾಡು, ನಿದ್ದೆ ಮಾಡು, ಸ್ನಾನ ಮಾಡು, ತಪ್ಪು ಮಾಡು, ಹೋಮ್‌ವರ್ಕ್ ಮಾಡು. ನಮಗೆ ಒಂದೇ ಪದದಲ್ಲಿ ಸಂಸಾರ ನಡೆಯುತ್ತದೆ. ಅವರು ಮಿಸ್ಟೇಕಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡೂ’, ಸ್ನಾನಕ್ಕೆ ‘ಹ್ಯಾವ್’ ಅನ್ನುತ್ತಾರೆ. ಇದಕ್ಕೆ ರೂಲ್ ಹುಡುಕಿ ಸುಸ್ತಾಗಬೇಡಿ. ನಾವು ಏಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ. ಯಾಕೆ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು? ಜೋಡಿಯಾಗಿಯೇ ನೆನಪಿಟ್ಟುಕೊಳ್ಳಬೇಕು.

ಇನ್ನು 11 ವರ್ಷದ ಆಫೀಸ್ ಮೇಲ್‌ಗಳು ಮಾಡಿದ ಹಾನಿ. ‘ಡಿಸ್ಕಸ್ ಅಬೌಟ್’, ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಮಿ’, ‘ಎಕ್ಸ್‌ಪ್ಲೇನ್ ಮಿ’. ‘ಬಗ್ಗೆ ಚರ್ಚಿಸು’ ಅನ್ನುವುದರ ‘ಬಗ್ಗೆ’ಯೇ ಆ ‘ಅಬೌಟ್’ ಆಗಿ ಬಂದು ಕೂತಿರುವುದು. ‘ಮ್ಯಾರೀಡ್ ವಿತ್’ ಅನ್ನುವ ತಪ್ಪಿಗೂ ನಮ್ಮ ‘ಜೊತೆ’ಯೇ ಕಾರಣ, ಅಲ್ಲಿ ಬೇಕಾದದ್ದು ‘ಟು’. ಆಫೀಸಿನಲ್ಲಿ ಯಾರೂ ತಿದ್ದುವುದಿಲ್ಲ, ಕಂಟೇನರ್ ಸರಿಯಾಗಿ ಹೋದರೆ ಸಾಕು.

ನೋಟ್‌ಬುಕ್ ಅಂದೆನಲ್ಲ, ಅದು ಹಳೆಯ ಲೆಕ್ಕದ ಪುಸ್ತಕ. ಮೂರು ಕಾಲಂ ಹಾಕಿದೆ: ನಾನು ಬರೆದದ್ದು, ಸರಿಯಾದದ್ದು, ಕನ್ನಡದ ಮಾತು. ಮೂರು ದಿನ ಬಿಟ್ಟು ನಡುವಿನ ಕಾಲಂ ಮುಚ್ಚಿ ಮತ್ತೆ ಬರೆಯುವುದು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಎರಡು ಸಲ ಸರಿಯಾದರೆ ಅಡ್ಡಗೆರೆ. ಮಾದರಿ ಪೇಪರ್ ಮಾಡಿದ್ದು ಒಟ್ಟು 9 ಮಾತ್ರ, ಆದರೆ ಪ್ರತಿಯೊಂದನ್ನೂ ಮೂರು ಸಲ. ದಿನಕ್ಕೊಂದು ಹೊಸ ಪೇಪರ್ ಮಾಡುವವರು ತಮ್ಮ ತಪ್ಪನ್ನೇ ಅಭ್ಯಾಸ ಮಾಡುತ್ತಾರೆ ಅಂತ ನನ್ನ ಅಭಿಪ್ರಾಯ. ಹೊಸ ಪದ ಸಿಕ್ಕಿದರೆ ಕೇಂಬ್ರಿಜ್ ಡಿಕ್ಷನರಿಯಲ್ಲಿ ನೋಡುತ್ತಿದ್ದೆ. ಎಷ್ಟೋ ಪದಗಳ ಪಕ್ಕ ಬಿ2, ಸಿ1 ಅಂತ ಮಟ್ಟದ ಗುರುತಿರುತ್ತದೆ. ಗುರುತಿಲ್ಲದ್ದನ್ನು ಸುಮ್ನೆ ಬಿಟ್ಟುಬಿಡುತ್ತಿದ್ದೆ.

ಮೂರನೇ ಭಾಗಕ್ಕೆ ಜಾಸ್ತಿ ಕಷ್ಟಪಡಲಿಲ್ಲ. ‘ಇನ್’ ಅನ್ನುವುದು ‘ಪಾಸಿಬಲ್’ ಮುಂದೆ ‘ಇಮ್’, ‘ಲೀಗಲ್’ ಮುಂದೆ ‘ಇಲ್’, ‘ರೆಗ್ಯುಲರ್’ ಮುಂದೆ ‘ಇರ್’ ಆಗುತ್ತದೆ. ನಿಷ್ಫಲ, ನಿಶ್ಶಬ್ದ, ನಿರಪರಾಧಿ ಅಂತ ಸಂಧಿ ಬಿಡಿಸಿದವರಿಗೆ ಇದು ಪರಿಚಯದ ಆಟ. ಅಲ್ಲಿನ ಮೋಸ ಬೇರೆ. ‘ರಿಲೈ’ ಕೊಟ್ಟಿದ್ದರೆ ಕೈ ತಾನಾಗಿ ‘ರಿಲಯಬಲ್’ ಬರೆಯುತ್ತದೆ. ವಾಕ್ಯ ಪೂರ್ತಿ ಓದಿದರೆ ಬೇಕಾಗಿದ್ದದ್ದು ‘ಅನ್‌ರಿಲಯಬಲ್’. ಅದರಲ್ಲೇ ಮೂರು ಸಲ ಬಿದ್ದೆ.

ಕೊನೆಗೂ ಬಗ್ಗದ್ದು ‘ಎ’, ‘ದಿ’. ‘ಪುಸ್ತಕ ತಂದೆ’, ‘ಪುಸ್ತಕವನ್ನು ತಂದೆ’ ಇವೆರಡರ ನಡುವಿನ ಸಣ್ಣ ವ್ಯತ್ಯಾಸ ಹಿಡಿದು ಸ್ವಲ್ಪ ದೂರ ಹೋದೆ. ‘ಅನ್ನು’ ಬಂದರೆ ಯಾವುದೋ ಗೊತ್ತಿರುವ ಪುಸ್ತಕ ಅನ್ನಿಸುತ್ತದೆ. ಅರ್ಧದಾರಿಯಲ್ಲಿ ಅದೂ ಕೈಕೊಟ್ಟಿತು.

ರೈಟಿಂಗ್, ಲಿಸನಿಂಗ್ ಬಗ್ಗೆ ಹೇಳುವಂಥದ್ದೇನಿಲ್ಲ. ಸ್ಪೀಕಿಂಗ್ ಜೋಡಿಯಾಗಿ ಮಾಡಬೇಕು, 15 ನಿಮಿಷ. ನನ್ನ ಜೊತೆಗಿದ್ದ ಹುಡುಗ ಪಟಪಟ ಮಾತಾಡಿದ, ನಾನು ನಿಧಾನಕ್ಕೆ ಮಾತಾಡಿದೆ. ಇಬ್ಬರಿಗೂ ಏನೂ ಆಗಲಿಲ್ಲ. ಪೇಪರಿನ ನಾಲ್ಕನೇ ಭಾಗದಲ್ಲಿ ಒಂದು ಪ್ರಶ್ನೆ ನೋಡಿ ನಗು ಬಂತು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಕನ್ನಡ.

ರಿಸಲ್ಟ್ ಬಂತು. ಒಟ್ಟು, ಅಂದರೆ ಎಲ್ಲ ಭಾಗಗಳ ಸರಾಸರಿ, 188; ಯೂಸ್ ಆಫ್ ಇಂಗ್ಲಿಷಿನಲ್ಲಿ 184. ಪಾಸಿಗೆ 180 ಬೇಕು. ಅಪ್ಪ ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದು ನೋಡಿದರು.

“ಇದು ಎಷ್ಟಕ್ಕೆ?”

“210ಕ್ಕೆ ಅಪ್ಪ.”

“ಹಾಗಾದ್ರೆ ಆ 22 ಎಲ್ಲಿ ಹೋಯ್ತು?”

“ಎ, ದಿ ಅಂತ ಎರಡುಂಟು. ಅವು ತಿಂದವು.”

“ಅವಕ್ಕೆ ನಮ್ಮಲ್ಲಿ ಏನು ಹೇಳ್ತೇವೆ?” ಅಂದರು ಅಪ್ಪ.