ಜಡಿಮಳೆಯಲ್ಲೇ ನಿಂತ ಭೂತಾಳೆ: ನನ್ನ ಅನುಭವ

ಮಳೆ ಜಾಸ್ತಿ ಬೀಳುವ ಕಡೆ ಅಲಂಕಾರದ ಭೂತಾಳೆ (ಅಗೇವ್) ಬಯಲಲ್ಲಿ ಉಳಿಯುವುದಿಲ್ಲ, ಶೀಟಿನ ಕೆಳಗೇ ಇಡಬೇಕು ಅಂತ ಎಲ್ಲರೂ ಹೇಳಿದರು. ನನ್ನ ಗಿಡಗಳು ಮೂರ್ನಾಲ್ಕು ಮಳೆಗಾಲ ಬಯಲಲ್ಲೇ ಕಳೆದಿವೆ. ಬೇಡ ಅಂದವರೇ ಈಗ ಮರಿಗಿಡ ಕೇಳಿಕೊಂಡು ಬರುತ್ತಾರೆ.

ಮೊದಲು ದುಡ್ಡು ಹೋದ ಕತೆ. ಕ್ಯಾಕ್ಟಸ್‌ಗೆ ಅಂತಲೇ ಮಾರುವ ರೆಡಿ ಮಿಶ್ರಣ ಚೀಲಗಟ್ಟಲೆ ತಂದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಂಗಿನ ನಾರಿನ ಪುಡಿ. ಒಂದು ವಾರ ಮಳೆ ಹಿಡಿದರೆ ಸಾಕು, ಬುಡ ಮೆತ್ತಗಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸುಳಿ ಹಿಡಿದು ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ, ಕೊಳೆತ ವಾಸನೆ ಮೂಗಿಗೆ ಹೊಡೆಯುತ್ತದೆ. ಹಾಗೆ ಹೋದದ್ದರಲ್ಲಿ ಒಂದು ವಿಕ್ಟೋರಿಯೇ-ರೆಜಿನೇ ಅನ್ನುವ ಜಾತಿಯ ಭೂತಾಳೆ. ಎಲೆಯ ಮೇಲಿನ ಬಿಳಿ ಗೆರೆ ಸಣ್ಣ ಕುಂಚದಲ್ಲಿ ಎಳೆದ ಹಾಗಿತ್ತು. ಅದು ಬೆಳೆಯುವುದು ತೀರಾ ನಿಧಾನ, ಬೆಲೆಯೂ ಅದಕ್ಕೆ ತಕ್ಕ ಹಾಗೆ. ಆ ವರ್ಷ ಗಿಡಕ್ಕೆ ಸುರಿದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಅದೊಂದಕ್ಕೇ ಹೋಗಿತ್ತು.

ಈಗ ನನ್ನ ಲೆಕ್ಕ ಇಷ್ಟು. ಮುಕ್ಕಾಲು ಭಾಗ ಸಣ್ಣ ಜಲ್ಲಿ ಮತ್ತು ಇಟ್ಟಿಗೆ ಚೂರು, ಕಾಲು ಭಾಗ ಮಣ್ಣು. ಜಲ್ಲಿಯನ್ನು ಜರಡಿ ಹಿಡಿದು ತೊಳೆಯಲೇಬೇಕು. ದೂಳು ಬಿಟ್ಟರೆ ಅದೇ ತಳಕ್ಕಿಳಿದು ಗಟ್ಟಿಯಾಗಿ ನೀರು ನಿಲ್ಲಿಸುತ್ತದೆ. ಈ ಮಿಶ್ರಣವನ್ನು ದಿಬ್ಬ ಮಾಡಿ ಅದರ ಮೇಲೆ ನೆಡುತ್ತೇನೆ, ದಿಬ್ಬ 1 ಅಡಿಯಾದರೂ ಎತ್ತರ ಬೇಕು. ಗಿಡವನ್ನು ನೆಟ್ಟಗೆ ನೆಡಬೇಡಿ, ಸುಮಾರು 20 ಡಿಗ್ರಿ ಓರೆಯಾಗಿ ನೆಡಿ. ಸುಳಿಗೆ ಬಿದ್ದ ನೀರು ಅಲ್ಲೇ ನಿಲ್ಲದೆ ಜಾರಿಹೋಗುತ್ತದೆ. ಮಳೆಗೆ ಎರಡು ತಿಂಗಳು ಮೊದಲೇ ನೆಟ್ಟರೆ ಬೇರು ಹಿಡಿದಿರುತ್ತದೆ. ಮರಿ ಕಿತ್ತ ಗಾಯಕ್ಕೆ ನಾನು ಸವರುವ ಪುಡಿ ಯಾವುದು ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಗಿಡ ಒಗ್ಗಿತೋ ಇಲ್ಲವೋ ಅಂತ ತಿಳಿಯಲು ಹೊಸ ಎಲೆ ಬಂದಿದೆಯೇ ಅಂತ ನೋಡುತ್ತೇನೆ. ಅಮೆರಿಕಾನಾ, ಪ್ಯಾರಿ ಜಾತಿಗಳಲ್ಲಿ ಎಲೆ ಸುಳಿಯಿಂದ ಬಿಚ್ಚಿಕೊಂಡಾಗ ಪಕ್ಕದ ಎಲೆಯ ಮುಳ್ಳಿನ ಸಾಲು ಅದರ ಮೇಲೆ ಅಚ್ಚಾಗಿ ಮೂಡಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗದ ಚೆಂದ ಅದು. ಮುಳ್ಳಿಲ್ಲದ ಅಟೆನ್ಯುವಾಟಾದಲ್ಲಿ ಇದು ಸಿಗುವುದಿಲ್ಲ. ಅದಕ್ಕೆ ಸುಡು ಬಿಸಿಲೂ ಆಗುವುದಿಲ್ಲ, ಸ್ವಲ್ಪ ನೆರಳು ಕೊಡಿ.

ಇದರ ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಮರಿಯೇ ಹಾಕದ, ಎಲೆಯಲ್ಲಿ ಪಟ್ಟೆ ಇರುವ ಒಂದು ಭೂತಾಳೆಯ ಸುಳಿಯನ್ನು ಡ್ರಿಲ್‌ನಿಂದ ಕೊರೆದು ತೆಗೆದೆ. ಬೆಲೆಬಾಳುವ ಗಿಡ, ಸುಮ್ನೆ ಹಾಳು ಮಾಡ್ತಿದ್ದೀಯ ಅಂದರು. ಕೆಲವು ತಿಂಗಳಲ್ಲಿ ಎಲೆಗಳ ಸಂದಿಯಿಂದ ಏಳೆಂಟು ಮರಿ ಬಂದವು. ಅವನ್ನು ಮಾರಿದ ದುಡ್ಡಲ್ಲಿ ತಾಯಿಗಿಡದ ಬೆಲೆ ವಾಪಸ್ ಬಂತು, ಜಲ್ಲಿಯ ಖರ್ಚೂ ಕಳೆಯಿತು. ಕೊರೆಯುವಾಗ ಕೈಗವಸು, ಕನ್ನಡಕ ಬೇಕೇ ಬೇಕು. ರಸ ತಾಗಿದರೆ ವಿಪರೀತ ತುರಿಕೆ. ಪೂರ್ತಿ ಬಿಳಿ ಮರಿ ಬಂದರೆ ಕಿತ್ತು ಬೇರೆ ನೆಡಬೇಡಿ. ಹಸಿರೇ ಇಲ್ಲದ ಮರಿ ತಾಯಿಯಿಂದ ಬಿಡಿಸಿದರೆ ಬದುಕುವುದಿಲ್ಲ.