ಪ್ರೈಮರ್ ಮರಕ್ಕೆ, ಅಂಡರ್‌ಕೋಟ್ ಬಣ್ಣಕ್ಕೆ

ಬಾಗಿಲು, ಕಿಟಕಿಗೆ ಬಣ್ಣ ಹೊಡೆಯಬೇಕೆಂದರೆ ಡಬ್ಬ ಕೊಳ್ಳುವ ಮೊದಲು ಮರದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಇಂಗಿ ಆ ಜಾಗ ಕಪ್ಪಗಾದರೆ ಅದು ಬರಿಯ ಮರ, ಪ್ರೈಮರ್ ಬೇಕೇ ಬೇಕು. ಹನಿ ಗುಂಡಗೆ ನಿಂತರೆ ಹಳೆ ಬಣ್ಣವೋ ವಾರ್ನಿಷೋ ಇನ್ನೂ ಇದೆ ಎಂದರ್ಥ.

ಪ್ರೈಮರ್, ಅಂಡರ್‌ಕೋಟ್ ಎರಡೂ ಒಂದೇ ಅಲ್ವಾ? ಅಲ್ಲ. ಪ್ರೈಮರ್ ಮರದೊಳಗೆ ಇಳಿದು ಮೇಲಿನ ಪದರಕ್ಕೆ ಹಿಡಿತ ಕೊಡುತ್ತದೆ. ಅಂಡರ್‌ಕೋಟ್ ದಪ್ಪಗೆ ಕೂತು ಕೆಳಗಿನ ಬಣ್ಣವನ್ನು ಮುಚ್ಚುತ್ತದೆ. ಬರಿಯ ಮರಕ್ಕೆ ನೇರವಾಗಿ ಅಂಡರ್‌ಕೋಟ್ ಹೊಡೆದರೆ ಮುಂದೆ ಸಿಪ್ಪೆಯಂತೆ ಏಳುವ ಸಾಧ್ಯತೆ ಜಾಸ್ತಿ.

ಹೊಸ ಮರವಾದರೆ ಮೊದಲು ಗಂಟುಗಳನ್ನು ಹುಡುಕಿ. ನಾನೊಮ್ಮೆ ಸುಮ್ನೆ ಬಿಟ್ಟಿದ್ದೆ. ಕೆಲವೇ ತಿಂಗಳಲ್ಲಿ ಬಿಳಿ ಬಾಗಿಲ ಮೇಲೆ ಕಂದು ಉಂಗುರಗಳು ಎದ್ದು ಬಂದವು, ಮೇಲೆ ಮತ್ತೆರಡು ಕೋಟ್ ಹೊಡೆದರೂ ಹೋಗಲಿಲ್ಲ. ಗಂಟಿನೊಳಗಿನ ಅಂಟು ಬಣ್ಣವನ್ನು ದಾಟಿ ಬರುತ್ತದೆ. ಅದನ್ನು ತಡೆಯುವುದು ಅರಗಿನಿಂದ ಮಾಡಿದ ಶೆಲಾಕ್ ಪ್ರೈಮರ್. ಗಂಟಿನ ಮೇಲೂ ಸುತ್ತ ಒಂದು ಬೆರಳಗಲವೂ ತೆಳ್ಳಗೆ ಎರಡು ಸಲ ಹಚ್ಚಿ. ತೇಗದಂಥ ಎಣ್ಣೆ ಜಿಡ್ಡಿನ ಮರವನ್ನು ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಹಾಕಿದ ಬಟ್ಟೆಯಿಂದ ಒರೆಸಿ, ಆಯಿಲ್ ಪ್ರೈಮರ್ ಹಚ್ಚುವುದು ವಾಸಿ.

ಬಾಗಿಲಿನ ಕೆಳಅಂಚನ್ನು ಮರೆಯಲೇಬೇಡಿ. ಅಲ್ಲಿ ಕುಯ್ದ ಮರದ ತುದಿ ನೀರನ್ನು ಕುಡಿಯುತ್ತಲೇ ಇರುತ್ತದೆ. ಬಾಗಿಲು ಕೂರಿಸುವ ಮೊದಲೇ ಅಲ್ಲಿಗೆ ಎರಡು ಕೋಟ್ ಪ್ರೈಮರ್ ಹೊಡೆಯಿರಿ. ಆಮೇಲೆ ಮಾಡುತ್ತೇನೆಂದರೆ ಬ್ರಷ್ ಹೋಗುವುದಿಲ್ಲ. ಬಿರುಕು, ತೂತು ಮುಚ್ಚುವ ಪುಟ್ಟಿ ಲೇಪ ತುಂಬುವುದು ಪ್ರೈಮರ್ ಒಣಗಿದ ಮೇಲೆ.

ಹಳೆ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ಪ್ರೈಮರ್ ಬೇಡ. ಹೊಳಪು ಹೋಗುವಷ್ಟು ಉಜ್ಜಿ, ಮರ ಕಂಡ ಜಾಗಕ್ಕಷ್ಟೇ ಪ್ರೈಮರ್ ಹಚ್ಚಿ. ಬಹಳ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರವಿಡಿ.

ಅಂಡರ್‌ಕೋಟ್‌ನ ಬಣ್ಣ ಮೇಲಿನ ಬಣ್ಣಕ್ಕೆ ಹತ್ತಿರವಿರಲಿ. ಕಡು ಬಣ್ಣಕ್ಕೆ ಬಿಳಿಗಿಂತ ಬೂದು ಒಳ್ಳೆಯದು. ಒಣಗಿದೆಯೇ ಎಂದು ತಿಳಿಯಲು 240 ನಂಬರಿನ ಸ್ಯಾಂಡ್ ಪೇಪರ್‌ನಿಂದ ಒಂದು ಮೂಲೆ ಉಜ್ಜಿ ನೋಡಿ. ಹಿಟ್ಟಿನಂಥ ಪುಡಿ ಬಿದ್ದರೆ ಮುಂದುವರಿಸಿ. ಪೇಪರಿಗೆ ಅಂಟಂಟಾಗಿ ಮೆತ್ತಿಕೊಂಡರೆ ಬ್ರಷ್ ಕೆಳಗಿಡಿ, ಇನ್ನೊಂದು ರಾತ್ರಿ ಒಣಗಲಿ.