ಸೊಳ್ಳೆ ಸ್ಪ್ರೇ ಹಚ್ಚುವ ಮೊದಲು ಕನ್ನಡಕ ತೆಗೆದಿಡಿ

ಮಳೆಗಾಲದಲ್ಲಿ ಕಾಸರಗೋಡಿನ ಕಡೆ ತೋಟಕ್ಕೆ ಇಳಿದವರಿಗೆ ಸೊಳ್ಳೆಯ ಕಾಟ ಹೇಳಬೇಕಾಗಿಲ್ಲ. ಕಂಗಿನ ಬುಡದಲ್ಲಿ ಬಿದ್ದ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಕುಡಿದು ಬಿಸಾಡಿದ ಸೀಯಾಳದ ಬುರುಡೆ, ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ. ಅದು ಕಚ್ಚುವುದು ಹಗಲಿನಲ್ಲಿ. ಸೊಳ್ಳೆಪರದೆ ಕಟ್ಟಿಕೊಂಡು ಅಡಿಕೆ ಹೆಕ್ಕಲು ಆಗುತ್ತದಾ? ಹಾಗಾಗಿ ಮೈಗೆ ಸೊಳ್ಳೆ ಸ್ಪ್ರೇಯನ್ನೋ ಕ್ರೀಮನ್ನೋ ಹಚ್ಚುವುದೇ ದಾರಿ.

ಮೊದಲು ಲೇಬಲ್ ಓದಿ. ಸೊಳ್ಳೆಯನ್ನು ದೂರ ಇಡುವ ವಸ್ತುವಿನ ಹೆಸರು ಡೀಟ್ ಅಥವಾ ಡೈಈಥೈಲ್ ಟೊಲುಅಮೈಡ್ ಅಂತ ಇರಬಹುದು. ಕೆಲವು ಕ್ರೀಮುಗಳಲ್ಲಿ ಅದರ ಹತ್ತಿರದ ನೆಂಟ ಡೈಈಥೈಲ್ ಬೆಂಜಮೈಡ್ ಇರುತ್ತದೆ. ಡೀಟ್ ತಯಾರಾದದ್ದು 1946ರಲ್ಲಿ, ಅಮೆರಿಕದ ಸೈನ್ಯಕ್ಕಾಗಿ. 1957ರಿಂದ ಅಲ್ಲಿನ ಜನರೂ ಬಳಸತೊಡಗಿದರು. ಬಣ್ಣವಿಲ್ಲದ, ಕೆಲವೊಮ್ಮೆ ತುಸು ಹಳದಿಯಾಗಿ ಕಾಣುವ ಎಣ್ಣೆಯಂಥ ದ್ರವ ಅದು. ನೀರಿಗೆ ಅಷ್ಟಾಗಿ ಬೆರೆಯುವುದಿಲ್ಲ, ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ.

ರಾಸಾಯನಿಕ ಅಂದ ಕೂಡಲೇ ನಮ್ಮ ಜಿಲ್ಲೆಯವರು ಮುಖ ಕಿವುಚಿದರೆ ಅದರಲ್ಲಿ ತಪ್ಪೇನೂ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆಯಂಥ ಊರುಗಳು ಕಂಡಿವೆ. ಆದರೆ ಅದು ಕೀಟವನ್ನು ಕೊಲ್ಲುವ ವಿಷ. ಡೀಟ್ ಸೊಳ್ಳೆಯನ್ನು ಕೊಲ್ಲುವುದಿಲ್ಲ. ಮೈವಾಸನೆ ಹಿಡಿದು ಬರುವ ಸೊಳ್ಳೆಗೆ ಗುರಿ ತಪ್ಪುತ್ತದೆ. ಚರ್ಮದ ಮೇಲೆ ಕೂತರೂ ಕಾಲಿಗೆ ಅದು ತಾಗಿ ಎದ್ದು ಹೋಗುತ್ತದೆ. ಹೇಳಿದಷ್ಟೇ ಹಚ್ಚಿದರೆ ಹೆದರಬೇಕಾದ ವಸ್ತುವಲ್ಲ.

ಇನ್ನು ಡೀಟ್ ಶೇಕಡಾ ಎಷ್ಟಿದೆ ನೋಡಿ. ಸುಮಾರು 10ರಷ್ಟು ಇದ್ದರೆ ಎರಡು ಗಂಟೆ, 30ರಷ್ಟು ಇದ್ದರೆ ಐದು ಗಂಟೆಯ ಆಸುಪಾಸು ರಕ್ಷಣೆ. 50 ದಾಟಿದ ಮೇಲೆ ಹೆಚ್ಚಿನ ಲಾಭವಿಲ್ಲ, ಸುಮ್ನೆ ದುಡ್ಡು ದಂಡ. ಬೆವರು, ಮಳೆ ಸೇರಿದರೆ ಈ ಲೆಕ್ಕ ಇನ್ನೂ ಕಡಿಮೆಯಾಗುತ್ತದೆ.

ಹಚ್ಚುವ ಮೊದಲು ಕನ್ನಡಕ, ವಾಚು ತೆಗೆದಿಡಿ. ಮೊಬೈಲ್ ದೂರವಿರಲಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಡೀಟ್ ಒಳ್ಳೆಯ ದ್ರಾವಕವೂ ಹೌದು. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಬಣ್ಣ, ವಾರ್ನಿಷ್, ಉಗುರಿನ ಪಾಲಿಷ್ ಕೂಡ ಏಳುತ್ತವೆ. ಬೆಳಗಾಗುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಅದೇ ಕೈಯಲ್ಲಿ ತಲೆ ಟಾರ್ಚಿನ ಗಾಜು ಒರೆಸಿದರೆ, ಆ ಗಾಜು ಪ್ಲಾಸ್ಟಿಕ್ಕಿನದಾಗಿದ್ದರೆ ಮಂಜಾಗಬಹುದು. ಅಡಿಕೆಗೆ ಮೈಲುತುತ್ತಿನ ದ್ರಾವಣ ಸಿಂಪಡಿಸುವವರ ಕಣ್ಣಿನ ಕವಚಕ್ಕೂ ಇದೇ ಗತಿ. ಬಟ್ಟೆಯಲ್ಲಿ ಹತ್ತಿ, ಉಣ್ಣೆ, ನೈಲಾನಿಗೆ ತೊಂದರೆಯಿಲ್ಲ. ರೇಯಾನ್, ಎಳೆದರೆ ಹಿಗ್ಗುವ ಸ್ಪಾಂಡೆಕ್ಸ್ ಬಟ್ಟೆಗೆ ಬೇಡ.

ಹಚ್ಚುವುದು ಸುಲಭ. ತೆರೆದ ಚರ್ಮಕ್ಕೆ, ಬಟ್ಟೆಯ ಹೊರಮೈಗೆ ಮಾತ್ರ, ತೆಳುವಾಗಿ. ಅಂಗಿಯ ಒಳಗೆ ಹಚ್ಚಿದರೆ ಸೊಳ್ಳೆಗೆ ಏನೂ ಆಗದು, ಚರ್ಮ ಹೆಚ್ಚು ಹೀರಿಕೊಳ್ಳುತ್ತದೆ ಅಷ್ಟೇ. ಗಾಯ, ಕೆರೆದು ಕೆಂಪಾದ ಜಾಗ ಬಿಟ್ಟುಬಿಡಿ. ಮುಖಕ್ಕೆ ನೇರವಾಗಿ ಸ್ಪ್ರೇ ಬೇಡ. ಅಂಗೈಗೆ ಹಾಕಿಕೊಂಡು, ಕಣ್ಣು ಬಾಯಿ ತಪ್ಪಿಸಿ ಸವರಿ. ಬಿಸಿಲಿನ ಕ್ರೀಮ್ ಹಚ್ಚುವವರು ಅದನ್ನು ಮೊದಲು ಹಚ್ಚಿ, ಆಮೇಲೆ ಇದನ್ನು. ಸ್ಪ್ರೇಯಲ್ಲಿ ಆಲ್ಕೋಹಾಲ್ ಇರುವುದರಿಂದ ಒಲೆಯ ಹತ್ತಿರ, ಬೀಡಿ ಹಚ್ಚಿಕೊಂಡು ಹೊಡೆಯಬೇಡಿ. ಕಾಲುಚೀಲದ ಮೇಲೂ ಹಾಕಿದರೆ ಇಂಬಳ, ಅಂದರೆ ಜಿಗಣೆ, ತುಸು ದೂರ ಇರುತ್ತದೆ. ಆದರೆ ಒದ್ದೆ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ತೊಳೆದು ಹೋಗುತ್ತದೆ, ಅದನ್ನೇ ನಂಬಿ ಕೂರಬೇಡಿ.

ಎರಡು ತಿಂಗಳು ತುಂಬದ ಹಸುಗೂಸಿಗೆ ಹಚ್ಚಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೆ ಡೀಟ್ 30 ಶೇಕಡಾ ಮೀರಬಾರದು, ದೊಡ್ಡವರೇ ಹಚ್ಚಬೇಕು. ಪುಟ್ಟ ಮಕ್ಕಳ ಅಂಗೈಗೆ ಬೇಡ, ಬಾಯಿಗೆ ಹೋಗುತ್ತದೆ. ನಾಯಿ, ಬೆಕ್ಕಿಗೂ ಬೇಡ, ಅವು ಮೈ ನೆಕ್ಕುತ್ತವೆ.

ಮನೆಗೆ ಬಂದ ಕೂಡಲೇ ಸೋಪು ಹಾಕಿ ತೊಳೆಯಿರಿ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಬಂದು ಬೀಳುವ ಟ್ಯಾಂಕಿಗೇ ಕೈ ಅದ್ದುವ ಅಭ್ಯಾಸ ಇದ್ದರೆ ಬಿಡಿ. ಕುಡಿಯುವುದು ಅದೇ ನೀರನ್ನಲ್ವಾ? ಚೆಂಬಿನಲ್ಲಿ ಹೊರಗೆ ತೆಗೆದು ತೊಳೆಯಿರಿ.

ಒಂದು ಗೊಂದಲ ಕರಾವಳಿಯ ಕಡೆ ಆಗಬಹುದು. ಹಿಂದೆ ಡೈಮೀಥೈಲ್ ಥಾಲೇಟ್, ಅಂದರೆ ಡಿಎಂಪಿ, ಕೂಡ ಮೈಗೆ ಹಚ್ಚುವ ಸೊಳ್ಳೆ ಎಣ್ಣೆಯಾಗಿತ್ತು. ಅದೂ ದ್ರಾವಕವೇ. ಫೈಬರ್ ದೋಣಿ ರಿಪೇರಿಯಲ್ಲಿ ಅಂಟು ಗಟ್ಟಿಯಾಗಲು ಬೆರೆಸುವ ಹಾರ್ಡನರಿನಲ್ಲಿ ಅದು ಪೆರಾಕ್ಸೈಡಿನ ಜತೆ ಬೆರೆತಿರುತ್ತದೆ. ಆ ಪೆರಾಕ್ಸೈಡ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಹುದು. ಡಿಎಂಪಿ ಅನ್ನುವ ಹೆಸರು ನೋಡಿ ಯಾವ ಬಾಟಲಿಯನ್ನೂ ಮೈಗೆ ಹಚ್ಚಬೇಡಿ.

ಸ್ಪ್ರೇ ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಿ. ಚರ್ಮ ಉರಿದರೆ ತೊಳೆದು, ಬಳಕೆ ನಿಲ್ಲಿಸಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಜಾಸ್ತಿ ಒಳಗೆ ಹೋದರೆ ಫಿಟ್ಸ್ ಬರುವುದುಂಟು. ಕೂಡಲೇ ಆಸ್ಪತ್ರೆಗೆ ಹೊರಡಿ, ಬಾಟಲಿಯನ್ನೂ ಜತೆಗೆ ಒಯ್ಯಿರಿ.